ಎಳೆ ಕೂಡುವ ದಾರಿ: ಮೆಜೆಸ್ಟಿಕ್‌ನಿಂದ ಅಕ್ಕೂರಿಗೆ

ಬೆಳಗಿನ ಮೆಜೆಸ್ಟಿಕ್. ಮೆಟ್ರೊ ನಿಲ್ದಾಣದ ಆಳದಿಂದ ಎಸ್ಕಲೇಟರ್ ನಮ್ಮನ್ನು ಮೇಲಕ್ಕೆ ತಂದುಬಿಡುತ್ತಿದ್ದ ಹಾಗೇ ಮಲ್ಲಿಗೆ, ಡೀಸೆಲ್, ಆಗಷ್ಟೇ ಇಳಿಸಿದ ಫಿಲ್ಟರ್ ಕಾಫಿ, ಮೂರೂ ಒಟ್ಟಿಗೆ ಮೂಗಿಗೆ ಬಡಿಯುತ್ತವೆ. ಹಿಂದೆಯೇ ಸದ್ದು. "ತುಮ್ಕೂರ್ ತುಮ್ಕೂರ್ ತುಮ್ಕೂರ್" ಎಂದು ಒಬ್ಬರು ಕೂಗಿದರೆ, ಇನ್ನೊಬ್ಬರು ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದು "ಬನ್ನಿ ಬನ್ನಿ, ಸೀಟ್ ಐತೆ" ಅನ್ನುತ್ತಾರೆ. ಈ ಗದ್ದಲದ ಅಡಿಯಲ್ಲಿರುವುದು ಒಂದು ಕಾಲದ ಧರ್ಮಾಂಬುಧಿ ಕೆರೆ. ನೀರು ನಿಲ್ಲುತ್ತಿದ್ದ ತಗ್ಗಿನಲ್ಲಿ ಈಗ ನಾಡಿನ ಎಲ್ಲ ಮೂಲೆಗಳಿಂದ ಜನ ಹರಿದು ಬಂದು ಸೇರುತ್ತಾರೆ.

ಒಂದು ಸುತ್ತು ಕಣ್ಣಾಡಿಸಿ. ಇತ್ತ ಬಿಎಂಟಿಸಿ, ಅತ್ತ ಕೆಎಸ್‌ಆರ್‌ಟಿಸಿ, ರಸ್ತೆಯಾಚೆ ಸಂಗೊಳ್ಳಿ ರಾಯಣ್ಣನ ಹೆಸರಿನ ರೈಲು ನಿಲ್ದಾಣ, ಕಾಲಡಿಯಲ್ಲಿ ಮೆಟ್ರೊ. ನಾಲ್ಕೂ ಒಂದು ಕೂಗಳತೆಯಲ್ಲಿವೆ. ಆದರೂ ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ, ಒಂದು ಹೊರಡುವ ಹೊತ್ತು ಇನ್ನೊಂದಕ್ಕೆ ಗೊತ್ತಿರುವುದಿಲ್ಲ. ಇದನ್ನೆಲ್ಲ ಹೊಂದಿಸಬೇಕು, ಬಸ್ಸು, ರೈಲು, ಆಟೊ, ಬಾಡಿಗೆ ಸೈಕಲ್ಲು ಎಲ್ಲವೂ ಒಂದೇ ಮೊಬೈಲಿನಲ್ಲಿ, ಒಂದೇ ಟಿಕೆಟ್ಟಿನಲ್ಲಿ ಸಿಗಬೇಕು ಎಂಬ ಮಾತು ಈಗ ಜಗತ್ತಿನ ದೊಡ್ಡ ಊರುಗಳಲ್ಲೆಲ್ಲ ನಡೆದಿದೆ. ಹಾಗಾದಾಗ ಬಸ್ಸು ಓಡಿಸುವ ಸರ್ಕಾರಿ ಸಂಸ್ಥೆಯ ಪಾಲಿಗೆ ಉಳಿಯುವ ಕೆಲಸ ಯಾವುದು? ಈ ಪ್ರಶ್ನೆಯನ್ನು ಜೇಬಿನಲ್ಲಿಟ್ಟುಕೊಂಡು ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿಗೆ ಹೊರಡೋಣ, ಬನ್ನಿ. ಸ್ವಂತ ಕಾರು ಬೇಡ. ಊರಿನ ಜನ ಹೇಗೆ ಹೋಗುತ್ತಾರೋ ಹಾಗೆ, ಸಿಕ್ಕ ಗಾಡಿ ಹಿಡಿದು, ಇಳಿದು, ಮತ್ತೊಂದು ಹತ್ತಿ.

ಮೆಮು ರೈಲು ಹೊರಟಾಗ ಬಿಸಿಲಿನ್ನೂ ಎಳೆಯದು. ನಾಯಂಡಹಳ್ಳಿ, ಜ್ಞಾನಭಾರತಿ, ಕೆಂಗೇರಿ. ಮೈಸೂರು ರಸ್ತೆಯ ನೆತ್ತಿಯ ಮೇಲೆ ಮೆಟ್ರೊ ನಮ್ಮ ದಿಕ್ಕಿನಲ್ಲೇ ಸಾಗುತ್ತಿದೆ. 2021ರಲ್ಲಿ ಕೆಂಗೇರಿಗೆ ಬಂದ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಚಲ್ಲಘಟ್ಟಕ್ಕೆ ಮುಟ್ಟಿ ನಿಂತಿತು. ಅಲ್ಲಿಂದಾಚೆಗೆ ಹೊಲಗಳು ಶುರು. ಎದುರು ಹಳಿಯಲ್ಲಿ ಬೆಂಗಳೂರಿನ ಕಡೆ ಹೋಗುವ ರೈಲಿನ ಬಾಗಿಲುಗಳಲ್ಲಿ ಜನ ತುಂಬಿ ತುಳುಕುತ್ತಿದ್ದಾರೆ: ಬೆನ್ನಿಗೆ ಬ್ಯಾಗು, ಕೈಯಲ್ಲಿ ಟಿಫಿನ್ ಡಬ್ಬಿ, ತಲೆ ತುಂಬ ಹಸಿ ಎಣ್ಣೆ. ನಮ್ಮ ಬೋಗಿಯಲ್ಲಿ ಕೂತು ನೋಡುವಷ್ಟು ಜಾಗವಿದೆ. ಹೆಜ್ಜಾಲದಲ್ಲಿ ಹತ್ತಿದ ಅಜ್ಜಿ ಮಡಿಲಲ್ಲಿ ಕನಕಾಂಬರದ ಮೊಳ ಹಾಕುತ್ತಾರೆ, ಬೆರಳು ನೋಡದೆ, ಕಿಟಕಿಯಾಚೆ ನೋಡುತ್ತಾ. ಬಿಡದಿಯಲ್ಲಿ ಇಳಿಯುವ ಕಾರ್ಖಾನೆ ಹುಡುಗರ ನೀಲಿ ಅಂಗಿಗಳು ಪ್ಲಾಟ್‌ಫಾರಂ ತುಂಬ ಹರಡಿ, ಗೇಟಿನಲ್ಲಿ ಕಿರಿದಾಗಿ, ಹೊರಗೆ ಕಾದು ನಿಂತ ವ್ಯಾನುಗಳೊಳಗೆ ಮಾಯವಾಗುತ್ತವೆ. ರೈಲು ಬರುವ ಹೊತ್ತು ಆ ವ್ಯಾನುಗಳಿಗೆ ಗೊತ್ತು.

ಈ ಹಳಿಗೆ ಬರದ ನೆನಪಿದೆ. 1876–78ರ ಭೀಕರ ಕ್ಷಾಮದಲ್ಲಿ ಮೈಸೂರು ಸೀಮೆ ತತ್ತರಿಸಿದಾಗ, ಹಸಿದವರ ಕೈಗೆ ಕೂಲಿ ಸಿಗಲೆಂದು ಶುರುವಾದ ಕೆಲಸಗಳಲ್ಲಿ ಬೆಂಗಳೂರು–ಮೈಸೂರು ರೈಲು ದಾರಿಯೂ ಒಂದು. 1881–82ರ ಹೊತ್ತಿಗೆ ಮೀಟರ್ ಗೇಜಿನ ಉಗಿಬಂಡಿ ಚನ್ನಪಟ್ಟಣ, ಮದ್ದೂರು ದಾಟಿ ಮೈಸೂರು ಮುಟ್ಟಿತು. ಬುಟ್ಟಿಯಲ್ಲಿ ಮಣ್ಣು ಹೊತ್ತು ಈ ಏರಿಯನ್ನು ಎತ್ತರಿಸಿದವರ ಮೊಮ್ಮಕ್ಕಳ ಮೊಮ್ಮಕ್ಕಳು ಇದೇ ದಾರಿಯಲ್ಲಿ ಕಾಲೇಜಿಗೂ ಗಾರ್ಮೆಂಟ್ಸಿಗೂ ಓಡಾಡುತ್ತಿದ್ದಾರಲ್ಲ ಎಂದು ನೆನೆದರೆ, ಚಕ್ರದ ಸದ್ದು ಬೇರೆಯಾಗಿ ಕೇಳಿಸುತ್ತದೆ.

ಬಿಡದಿ ದಾಟಿದ ಮೇಲೆ ಕಿಟಕಿ ಬಿಡಬೇಡಿ. ಮೊದಲು ಒಂದು ಬಂಡೆ, ಆಮೇಲೆ ಬಂಡೆಯ ಮೇಲೆ ಬಂಡೆ, ಕೊನೆಗೆ ಆಕಾಶವನ್ನೇ ಅಡ್ಡಗಟ್ಟುವ ಬೆಟ್ಟಗಳ ಸಾಲು. ಬೂದು, ನಸುಗೆಂಪು, ಮಳೆ ಇಳಿದ ಕಡೆ ಕಡುಗಪ್ಪು ಗೆರೆ. ಸುಮಾರು 250 ಕೋಟಿ ವರ್ಷಗಳ ಹಿಂದಿನ ಈ ಶಿಲೆಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆ ಎಂದರೆ ರಾಮನಗರದ್ದೇ ಹಳೆಯ ಹೆಸರು. "ಶೋಲೆ"ಯ ಗಬ್ಬರ್ ಕೂತು ಗುಡುಗಿದ್ದು ಈ ಬಂಡೆಗಳ ನಡುವೆ. ಇವುಗಳ ಕೊರಕಲುಗಳಲ್ಲಿ ಉದ್ದ ಕೊಕ್ಕಿನ ರಣಹದ್ದುಗಳು ಗೂಡು ಕಟ್ಟುವುದರಿಂದ ರಾಮದೇವರ ಬೆಟ್ಟ ರಣಹದ್ದುಗಳ ಧಾಮವೂ ಆಯಿತು. ನಾವು ಬಾಯಿ ತೆರೆದು ನೋಡುತ್ತಿರುವಾಗಲೇ ಪಕ್ಕದ ಹಳಿಯಲ್ಲಿ ಬಿಳಿ ಬಣ್ಣವೊಂದು ಸುಂಯ್ ಎಂದು ಹಾದುಹೋಗುತ್ತದೆ. ಚೆನ್ನೈ–ಮೈಸೂರು ವಂದೇ ಭಾರತ್. ಅದಕ್ಕೆ ಇಲ್ಲಿ ನಿಲುಗಡೆ ಇಲ್ಲ. ನಮ್ಮ ಮೆಮು ಮಾತ್ರ ಕೇತೋಹಳ್ಳಿಯಂಥ ಪುಟ್ಟ ನಿಲ್ದಾಣದಲ್ಲೂ ನಿಂತು, ಹಾಲಿನ ಕ್ಯಾನು ಹೊತ್ತವರನ್ನೂ ಹತ್ತಿಸಿಕೊಂಡು ಮುಂದೆ ಹೋಗುತ್ತದೆ.

ರಾಮನಗರದಲ್ಲಿ ಇಳಿದುಬಿಡೋಣ. ನೇರ ಚನ್ನಪಟ್ಟಣಕ್ಕೇ ಹೋಗಬಹುದಿತ್ತು, ಆದರೆ ಗೂಡಿನ ಮಾರುಕಟ್ಟೆ ನೋಡದೆ ಈ ಸೀಮೆ ಅರ್ಥವಾಗುವುದಿಲ್ಲ. ಏಷ್ಯಾದಲ್ಲೇ ದೊಡ್ಡದೆಂಬ ಹೆಸರಿನ ರೇಷ್ಮೆಗೂಡಿನ ಮಾರುಕಟ್ಟೆಯಿದು. ಒಳಗೆ ಕಾಲಿಟ್ಟರೆ ಬಣ್ಣವೇ ಬಣ್ಣ: ಮಿಶ್ರತಳಿಯ ಹಳದಿ ಗೂಡು ಒಂದೆಡೆ, ದ್ವಿತಳಿಯ ಹಾಲುಬಿಳಿ ಗೂಡು ಇನ್ನೊಂದೆಡೆ, ಸಾಲುಸಾಲು ರಾಶಿ. ರೀಲರುಗಳು ಒಂದು ಗೂಡನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾರೆ. ಒಳಗಿನ ಹುಳು ಗಟ್ಟಿಯಾಗಿ ಕದಲಿದರೆ ಮುಖ ಅರಳುತ್ತದೆ. ಹರಾಜು ಈಗ ಮೊಬೈಲಿನಲ್ಲೇ ನಡೆಯುತ್ತದೆ, ಹಾಗಾಗಿ ಇಷ್ಟೆಲ್ಲ ಹಣ ಕೈ ಬದಲಾಗುವ ಜಾಗದಲ್ಲೂ ಕೂಗಾಟವಿಲ್ಲ. ಮೂಟೆಗೆ ಒರಗಿ ಚಹಾ ಕುಡಿಯುತ್ತಿದ್ದ ಬೆಳೆಗಾರರೊಬ್ಬರನ್ನು ಹೇಗೆ ಬಂದಿರಿ ಎಂದು ಕೇಳುತ್ತೇನೆ. "ನಮ್ಮೂರಿಂದ ರಸ್ತೆಗಂಟ ಟಾಟಾ ಏಸು, ಅಲ್ಲಿಂದ ಬಸ್ಸು, ಇಲ್ಲಿ ಇಳುದ್ ಮ್ಯಾಲೆ ಲಗೇಜ್ ಆಟೊ," ಎನ್ನುತ್ತಾರೆ. "ಗೂಡು ಬಿಸ್ಲಿಗೆ ಕೂತ್ಕಂಡಿರಾಕಾಯ್ತದಾ? ಒಂದು ತಪ್ಪುದ್ರೆ ಇನ್ನೊಂದು ಹಿಡೀಲೇಬೇಕು."

ಮಾರುಕಟ್ಟೆಯ ಹಿಂದಿನ ಓಣಿಗಳಿಗೆ ನುಗ್ಗಿದರೆ ಬೆಂದ ಹುಳುವಿನ ಗಾಢ ವಾಸನೆ ದಾರಿ ತೋರಿಸುತ್ತದೆ. ನೂಲು ಬಿಚ್ಚಾಣಿಕೆಯ ಒಂದು ಘಟಕ. ಹಬೆಯಾಡುವ ತೊಟ್ಟಿಯ ಮುಂದೆ ಹೆಂಗಸೊಬ್ಬರು ಕೂತಿದ್ದಾರೆ. ಬಿಸಿ ನೀರಲ್ಲಿ ನೆನೆದು ನೆನೆದು ಬೆರಳ ತುದಿಗಳು ಸುಕ್ಕಾಗಿ ಬೆಳ್ಳಗಾಗಿವೆ. ತೊಟ್ಟಿಯಲ್ಲಿ ಗೂಡುಗಳು ಕುಣಿಯುತ್ತವೆ. ಒಂದೊಂದರಿಂದಲೂ ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ ಮೇಲೇಳುತ್ತದೆ. ಬಿಡಿಯಾಗಿ ಯಾವ ಎಳೆಯೂ ಮಗ್ಗದ ಎಳೆತ ತಾಳುವುದಿಲ್ಲ, ಹಲವು ಕೂಡಿದರಷ್ಟೇ ನೂಲು. ಗೂಡೊಂದು ಮುಗಿದು ಎಳೆ ನಿಂತ ಕ್ಷಣ ಅವರ ಬೆರಳು ಹೊಸ ಗೂಡಿನ ತುದಿಯನ್ನು ತಂದು ಓಡುವ ನೂಲಿಗೆ ತಾಗಿಸುತ್ತದೆ. ರಾಟೆ ನಿಲ್ಲುವುದೇ ಇಲ್ಲ. ನನ್ನ ಜೇಬಿನ ಪ್ರಶ್ನೆಗೆ ಮೊದಲ ಸುಳಿವು ಸಿಕ್ಕಿದ್ದು ಈ ತೊಟ್ಟಿಯ ಮುಂದೆ. ಊರೂರಿಗೆ ಜನರನ್ನು ಮುಟ್ಟಿಸುವ ಕೆಲಸವೂ ಇಂಥದ್ದೇ. ರೈಲು, ಬಸ್ಸು, ಆಟೊ ಬಿಡಿಬಿಡಿ ಎಳೆಗಳು. ಎಲ್ಲಿ ಒಂದು ಮುಗಿಯುತ್ತದೋ ಅಲ್ಲಿ ಇನ್ನೊಂದನ್ನು ತಾಗಿಸುವ ಬೆರಳು ಬೇಕು.

ಹಳೆಯ ಮೈಸೂರು ರಸ್ತೆಯಲ್ಲಿ ಕೆಂಪು ಬಸ್ಸು ಬಂತು, ಹತ್ತಿ. "ಒಳಕ್ ನಡೀರಿ, ಒಳಕ್ ನಡೀರಿ, ಮಧ್ಯದಾಗೆ ಖಾಲಿ ಐತೆ," ಎನ್ನುತ್ತಾ ಕಂಡಕ್ಟರು ಜನರ ನಡುವೆ ಈಜಿಕೊಂಡು ಬರುತ್ತಾರೆ. ಹೆಗಲಲ್ಲಿ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಯಂತ್ರ. ಹೆಂಗಸರು ಆಧಾರ್ ಕಾರ್ಡನ್ನು ಎತ್ತಿ ತೋರಿಸುತ್ತಿದ್ದಂತೆ ಯಂತ್ರ ಗರ್ರ್ ಎಂದು ಶೂನ್ಯ ಟಿಕೆಟ್ಟಿನ ಚೀಟಿ ಹೊರಹಾಕುತ್ತದೆ. ಹೆಂಗಸರ ಉಚಿತ ಪ್ರಯಾಣಕ್ಕೆಂದು 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಡಿ 2025ರ ಜುಲೈ ಹೊತ್ತಿಗೆ ಇಂಥ 500 ಕೋಟಿ ಪ್ರಯಾಣಗಳು ನಡೆದವು. ಪಕ್ಕದ ಸೀಟಿನ ಅಮ್ಮ ಚೀಟಿಯನ್ನು ನಾಲ್ಕಾಗಿ ಮಡಚಿ ಬಳೆಯ ಸಂದಿಗೆ ಸಿಕ್ಕಿಸಿಕೊಳ್ಳುತ್ತಾರೆ. ಚನ್ನಪಟ್ಟಣದ ಆಸ್ಪತ್ರೆಯಲ್ಲಿ ಮಗಳ ಬಾಣಂತನ. ದಿನಾ ಊಟ ತಗೊಂಡು ಹೋಗಿಬರುತ್ತಾರಂತೆ. "ಮುಂಚೆ ಆಗಿದ್ರೆ ಮೂರು ದಿನಕ್ಕೊಂದ್ಸಲ ಹೋಗ್ತಿದ್ದೆ ಕಣಪ್ಪಾ. ಈಗ ದಿನಾ ಮಗೀನ ಮುಖ ನೋಡ್ತೀನಿ." ಮುದ್ದೆಯ ಬುತ್ತಿಯ ಬಿಸಿ ಬಟ್ಟೆಯ ಗಂಟಿನಿಂದ ನನ್ನ ಮೊಣಕೈಗೆ ತಾಗುತ್ತಿದೆ.

1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆಯಾಗಿ, 120 ಬಸ್ಸುಗಳಿಂದ ಶುರುವಾದದ್ದು ಈ ಕೆಂಪು ಬಸ್ಸಿನ ಸಂಸ್ಥೆ, ಕೆಎಸ್‌ಆರ್‌ಟಿಸಿ. 1961ರಲ್ಲಿ ನಿಗಮವಾಯಿತು, 1997ರಲ್ಲಿ ಬೆಂಗಳೂರಿನ ಬಿಎಂಟಿಸಿ ಇದರಿಂದ ಬೇರೆಯಾಯಿತು. ಕೆಂಗಲ್ ಆಂಜನೇಯನ ಗುಡಿಯ ಮುಂದೆ ಬಸ್ಸು ನಿಂತಾಗ ಡ್ರೈವರು ಕೈಯೆತ್ತಿ ಮುಗಿಯುತ್ತಾರೆ. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿಗೆ ಅಂಟಿಕೊಂಡ ಕೆಂಗಲ್ ಇದೇ. ಈ ರಸ್ತೆಗೆ ಈಗ ಒಂದು ಬಗೆಯ ನಿರಾಳವಿದೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಊರುಗಳ ಹೊರಗಿನಿಂದಲೇ ಹಾದು, ತಡೆರಹಿತ ಬಸ್ಸುಗಳನ್ನೂ ಕಾರುಗಳನ್ನೂ ಎಳೆದುಕೊಂಡಿದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯ ಪಥದಲ್ಲಿ ಬೈಕು, ಆಟೊ, ಟ್ರ್ಯಾಕ್ಟರುಗಳಿಗೆ ಪ್ರವೇಶವಿಲ್ಲ. ದೂರದವರಿಗೆ ವೇಗ ಸಿಕ್ಕಿತು. ಹತ್ತಿರದವರನ್ನು ಹತ್ತಿಸಿಕೊಳ್ಳಲು ಹಳೇ ರಸ್ತೆಯ ಈ ಬಸ್ಸೇ ಆಧಾರ.

ಚನ್ನಪಟ್ಟಣ. ರಸ್ತೆ ಬದಿಯ ಅಂಗಡಿಗಳಲ್ಲಿ ಗೊಂಬೆಗಳ ತೋರಣ: ತಲೆಯಾಡಿಸುವ ಅಜ್ಜ–ಅಜ್ಜಿ, ಮೂರು ಗಾಲಿಯ ಕುದುರೆ, ಬುಗುರಿ, ಬಣ್ಣದ ಮಣಿಗಳ ಚೌಕಟ್ಟು. ಒಂದು ಕಾರ್ಖಾನೆಯ ಬಾಗಿಲಲ್ಲಿ ನಿಂತು ನೋಡೋಣ. ಕುಶಲಕರ್ಮಿ ಬೆಳ್ಳನೆಯ ಆಲೆಮರದ ತುಂಡನ್ನು ಯಂತ್ರಕ್ಕೆ ಸಿಕ್ಕಿಸಿ ಉಳಿ ತಾಗಿಸುತ್ತಿದ್ದ ಹಾಗೇ ಸಿಪ್ಪೆ ಸುರುಳಿ ಸುರುಳಿಯಾಗಿ ಹಾರುತ್ತದೆ. ಗುಂಡನೆಯ ಹೊಟ್ಟೆ, ಸಣ್ಣ ಕತ್ತು, ಪುಟ್ಟ ತಲೆ ಮೂಡುತ್ತವೆ. ಆಮೇಲೆ ಅರಗಿನ ಕಡ್ಡಿ. ತಿರುಗುವ ಮರಕ್ಕೆ ಅದನ್ನು ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಹಳದಿ ಹಬ್ಬುತ್ತದೆ, ಅದರ ಅಂಚಿಗೆ ಕೆಂಪು, ಕತ್ತಿಗೆ ಹಸಿರು. ಕೊನೆಗೆ ತಾಳೆಗರಿಯ ಒಂದು ತುಂಡು ಸವರಿದರೆ ಸಾಕು, ಕನ್ನಡಿಯ ಹೊಳಪು. ಟಿಪ್ಪುವಿನ ಕಾಲದಲ್ಲಿ ಬೇರೂರಿತೆಂದು ಊರು ಹೇಳಿಕೊಳ್ಳುವ ಈ ಕಸುಬಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆದರೆ ಕಾರು ನಿಲ್ಲಿಸಿ ಗೊಂಬೆ ಕೊಳ್ಳುತ್ತಿದ್ದವರು ಈಗ ದಶಪಥದಲ್ಲಿ ಹೊರಗಿಂದಲೇ ಹೋಗಿಬಿಡುತ್ತಾರೆ. ಗೊಂಬೆ ಮಾಡುವವರಿಗೂ ಬೇಕಿರುವುದು ಊರೊಳಗೆ ಇಳಿಸಿ ಹತ್ತಿಸಿಕೊಳ್ಳುವ ಬಸ್ಸು.

ಇನ್ನು ಅಕ್ಕೂರಿನ ಗಾಡಿ. ಬಸ್ ನಿಲ್ದಾಣದ ಹೊರಗೆ ಬಂದರೆ ಸರ್ವಿಸ್ ಆಟೊಗಳೂ ಮ್ಯಾಕ್ಸಿಕ್ಯಾಬುಗಳೂ ಮೂಗು ಹೊರಗಿಟ್ಟು ನಿಂತಿವೆ. "ಕೋಡಂಬಳ್ಳಿ ಕೋಡಂಬಳ್ಳಿ!" "ಹಲಗೂರ್ ಹಲಗೂರ್!" "ಅಕ್ಕೂರ್, ಅಕ್ಕೂರ್, ಯಾರ್ರೀ ಅಕ್ಕೂರು?" ಒಬ್ಬ ಯುವಕ ನನ್ನ ಚೀಲಕ್ಕೆ ಕೈ ಹಾಕಿ, "ಬನ್ನಿ ಸಾ, ಇನ್ನಿಬ್ರು ಬಂದ್ರೆ ಎತ್ತದೇಯಾ," ಎಂದು ಮುಂದಿನ ಸೀಟು ತೋರಿಸುತ್ತಾನೆ. ಕಾನೂನು ಪುಸ್ತಕ ತೆರೆದು ನೋಡಿದರೆ ಈ ದೃಶ್ಯಕ್ಕೆ ಅದರಲ್ಲಿ ಜಾಗವಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ದಾರಿಯುದ್ದಕ್ಕೂ ಒಬ್ಬೊಬ್ಬರನ್ನೇ ಹತ್ತಿಸಿ ಇಳಿಸಬಹುದಾದದ್ದು ಸ್ಟೇಜ್ ಕ್ಯಾರೇಜ್, ಎಂದರೆ ಬಸ್ಸು. ಆಟೊ, ಮ್ಯಾಕ್ಸಿಕ್ಯಾಬುಗಳು ಕಾಂಟ್ರ್ಯಾಕ್ಟ್ ಕ್ಯಾರೇಜ್. ಇಡೀ ಗಾಡಿಯನ್ನು ಒಂದು ಗುಂಪು ಬಾಡಿಗೆಗೆ ಹಿಡಿಯಬೇಕು. ತಲೆಗಿಷ್ಟು ಎಂದು ವಸೂಲು ಮಾಡಿ ಸರ್ವಿಸ್ ಹೊಡೆಯುವಂತಿಲ್ಲ. ಬಸ್ಸಿನವರ ದೂರಿಗೂ ಕಾರಣವಿದೆ. ಬಸ್ಸಿಗಿಂತ ಐದು ನಿಮಿಷ ಮುಂಚೆ ಹೊರಟು ಜನರನ್ನು ಬಾಚಿಕೊಂಡರೆ ಹಿಂದೆ ಬರುವ ಬಸ್ಸಿಗೆ ಉಳಿಯುವುದೇನು? ಆಟೊ, ಮ್ಯಾಕ್ಸಿಕ್ಯಾಬಿನವರಿಗೂ ಅಳಲಿದೆ. ಹೆಂಗಸರಿಗೆ ಬಸ್ಸು ಉಚಿತವಾದ ಮೇಲೆ ಅರ್ಧ ಗಿರಾಕಿ ಅತ್ತ ಹೋದರು. 2023ರ ಸೆಪ್ಟೆಂಬರ್ 11ರಂದು ಬೆಂಗಳೂರಿನಲ್ಲಿ ಖಾಸಗಿ ಸಾರಿಗೆಯವರು ಬಂದ್ ಮಾಡಿದಾಗ ಈ ಸಂಕಟವೂ ಬೇಡಿಕೆಗಳ ಪಟ್ಟಿಯಲ್ಲಿತ್ತು.

ಇನ್ನಿಬ್ಬರಿಗಾಗಿ ಕಾಯುತ್ತಾ ಕೂತಾಗ ನನಗೆ ದೂರದ ಹೆಲ್ಸಿಂಕಿ ನೆನಪಾಗುತ್ತದೆ. ಅಲ್ಲಿನ ಸರ್ಕಾರಿ ಸಾರಿಗೆ ಸಂಸ್ಥೆ 2012ರಲ್ಲಿ ಕುಟ್ಸುಪ್ಲುಸ್ ಎಂಬ ಹೆಸರಿನ ಪುಟ್ಟ ಬಸ್ಸುಗಳನ್ನು ಬಿಟ್ಟಿತು. ಎಲ್ಲಿಂದ ಎಲ್ಲಿಗೆ ಎಂದು ಮೊಬೈಲಿನಲ್ಲಿ ಹೇಳಿದರೆ, ಒಂದೇ ದಿಕ್ಕಿನ ಕೆಲವರನ್ನು ಗಣಕಯಂತ್ರ ಜೋಡಿಸಿ ಒಂದೇ ಗಾಡಿಗೆ ಹತ್ತಿಸುತ್ತಿತ್ತು. ಜನ ಮೆಚ್ಚಿದರು. ಆದರೆ 15 ಬಸ್ಸುಗಳಾಚೆಗೆ ಬೆಳೆಸಲು ಹಣ ಸಾಲದೆ 2015ರ ಕೊನೆಗೆ ಸೇವೆ ನಿಂತುಹೋಯಿತು. ಮರುವರ್ಷ ಅದೇ ಊರಿನಲ್ಲಿ ವಿಮ್ ಎಂಬ ಖಾಸಗಿ ಆ್ಯಪ್ ಬಂತು: ತಿಂಗಳಿಗೊಂದು ಶುಲ್ಕ ಕಟ್ಟಿದರೆ ಬಸ್ಸು, ಟ್ರಾಮು, ಟ್ಯಾಕ್ಸಿ, ಸೈಕಲ್ಲು ಎಲ್ಲವೂ. ಜಗತ್ತೇ ಬೆರಗಾಗಿ ನೋಡಿದ ಆ ಕಂಪನಿ 2024ರಲ್ಲಿ ದಿವಾಳಿಯಾಯಿತು. ಬಸ್ಸು, ಟ್ರಾಮುಗಳು ಇಂದಿಗೂ ಓಡುತ್ತಿವೆ. ಚನ್ನಪಟ್ಟಣದ ಈ ಹುಡುಗ ಒಂದೇ ದಿಕ್ಕಿನವರನ್ನು ಜೋಡಿಸುವ ಆ ಕೆಲಸವನ್ನೇ ಬರೀ ಗಂಟಲಿನಿಂದ, ಮುಖ ಪರಿಚಯದಿಂದ, ದಿನವೂ ಮಾಡುತ್ತಿದ್ದಾನೆ. ಹೆಲ್ಸಿಂಕಿಯಲ್ಲಿ ದುಬಾರಿಯೆನಿಸಿದ ಕೆಲಸ ಇಲ್ಲಿ ಬೀದಿಯಲ್ಲಿ ಸಿದ್ಧವಾಗಿದೆ. ಅದನ್ನು ಗುರುತಿಸುವ ಕಣ್ಣೊಂದು ನಮ್ಮ ಸಾರಿಗೆ ಸಂಸ್ಥೆಗೆ ಬೇಕು.

ಗಾಡಿ ಹೊರಟಿತು. ಊರು ಮುಗಿದದ್ದೇ ತಡ ಎರಡೂ ಕಡೆ ಹಸಿರು ಮುಚ್ಚಿಕೊಳ್ಳುತ್ತದೆ: ಮೊಣಕಾಲೆತ್ತರದ ಹಿಪ್ಪುನೇರಳೆ, ಅದರಾಚೆ ತೆಂಗು, ಬದುವಿನ ಮೇಲೆ ಮಾವು. ಡ್ರೈವರನ ಫೋನು ಸುಮ್ಮನಿರುವುದಿಲ್ಲ. "ಹೂಂ ಅಕ್ಕಾ, ಹೊರಟೆ ಕಣಕ್ಕೋ, ಕಾಲ್ ಗಂಟೆ, ಕಟ್ಟೆ ತಾವ್ ಬಂದಿರು." ಮತ್ತೆ, "ಲೋ ಮಾವಾ, ಔಷಧಿ ಈಸ್ಕಂಡಿದೀನಿ, ಮಗುನ್ನ ಕಳ್ಸು ರಸ್ತೆಗೆ." ಒಂದು ತಿರುವಿನಲ್ಲಿ ಹುಡುಗಿಯೊಬ್ಬಳು ಓಡಿಬಂದು ಮಾತ್ರೆಯ ಪೊಟ್ಟಣ ಇಸಿದುಕೊಂಡು ಹೋಗುತ್ತಾಳೆ, ಗಾಡಿ ಪೂರ್ತಿ ನಿಲ್ಲುವುದೂ ಇಲ್ಲ. ಇನ್ನೊಂದೆಡೆ ಡೇರಿಯ ಮುಂದೆ ಪಶು ಆಹಾರದ ಚೀಲ ಇಳಿಯುತ್ತದೆ. ಯಾರು ಎಲ್ಲಿ ಕಾಯುತ್ತಾರೆ, ಯಾರ ಮೊಣಕಾಲು ನೋವು, ಯಾರನ್ನು ಮನೆ ಬಾಗಿಲಿಗೇ ಬಿಡಬೇಕು, ಎಲ್ಲವೂ ಅವನ ನೆನಪಿನಲ್ಲಿದೆ. "ಬಸ್ಸು ಬತ್ತದೆ ಸಾ, ನಾವೇನ್ ಬ್ಯಾಡ ಅಂತೀವಾ?" ಎನ್ನುತ್ತಾನೆ, ಕನ್ನಡಿಯಲ್ಲಿ ನನ್ನನ್ನು ನೋಡುತ್ತಾ. "ಬಸ್ಸು ದೊಡ್ರಸ್ತೇಲಿ ಹೋಯ್ತದೆ. ಒಳಗಡೀಕೆ ಯಾರ್ ಹೋಗೋರು? ನಾವೇಯಾ."

ದಾರಿಯಲ್ಲಿ ಕೆರೆಯೊಂದು ಎದುರಾಗುತ್ತದೆ. ಏರಿಯ ಮೇಲೆ ಹೋಗುವಾಗ ಗಾಳಿ ತಣ್ಣಗೆ ಮುಖಕ್ಕೆ ಬೀಸುತ್ತದೆ. ಬೆಳ್ಳಕ್ಕಿಗಳು ಒಮ್ಮೆಲೇ ಎದ್ದು, ಸುತ್ತು ಹಾಕಿ, ಮತ್ತೆ ಅಲ್ಲೇ ಕೂರುತ್ತವೆ. ಮಳೆಯನ್ನೇ ನಂಬಿದ್ದ ಈ ತಾಲ್ಲೂಕಿನ ಕೆರೆಗಳಿಗೆ ಈಗ ಇಗ್ಗಲೂರಿನ ಬ್ಯಾರೇಜಿನಿಂದ ಶಿಂಷೆಯ ನೀರನ್ನು ಪಂಪಿನಲ್ಲಿ ಎತ್ತಿ ತುಂಬಿಸುತ್ತಾರೆ. ನೀರು ಬಂದ ಮೇಲೆ ಬೆಳೆ ಹೆಚ್ಚಿತು. ಬೆಳೆ ಹೆಚ್ಚಿದರೆ ಓಡಾಟವೂ ಹೆಚ್ಚುತ್ತದೆ: ಗೂಡಿಗೆ, ತರಕಾರಿಗೆ, ಹಾಲಿಗೆ, ಗೊಬ್ಬರಕ್ಕೆ. ಏರಿಯ ಕೆಳಗೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನಮ್ಮ ಗಾಡಿಗೆ ಕೈ ಬೀಸುತ್ತಾರೆ. ಡ್ರೈವರು ಹಾರನ್ ಒತ್ತಿ ಉತ್ತರ ಕೊಡುತ್ತಾನೆ.

ಅಕ್ಕೂರು ಬಂತು, "ಇಳ್ಕಳಿ ಸಾ." ಮೊದಲ ನೋಟಕ್ಕೆ ಕಾಣುವುದು ಅರಳಿಕಟ್ಟೆ, ಅದರ ನೆರಳಲ್ಲಿ ನಾಲ್ಕಾರು ಹಿರಿಯರು, ಎದುರಿಗೆ ಚಹಾದಂಗಡಿಯ ನೀಲಿ ಹೊಗೆ. ಸುತ್ತಿನ ಹಳ್ಳಿಗಳವರೂ ಬಂದುಹೋಗಬೇಕಾದ ಪೊಲೀಸ್ ಠಾಣೆ ಇರುವ ಊರಾದ್ದರಿಂದ ರಸ್ತೆಗೆ ಹಳ್ಳಿಯದಕ್ಕಿಂತ ಹೆಚ್ಚಿನ ಗಡಿಬಿಡಿ ಇದೆ. ಒಂದು ಮನೆಯ ಗೋಡೆಗೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಒರಗಿಸಿ ಬಿಸಿಲಿಗಿಟ್ಟಿದ್ದಾರೆ. ಬಿದಿರಿನ ಸುರುಳಿ ಹೆಣಿಗೆಯ ನಡುವೆ ಹಳದಿ ನೂಲಿನ ಚೂರುಗಳು ಇನ್ನೂ ಅಂಟಿಕೊಂಡಿವೆ. ಒಳಗಿನ ಹುಳುಮನೆಯ ಬಾಗಿಲಲ್ಲಿ ನಿಂತು ಕಿವಿಗೊಟ್ಟರೆ ಸಣ್ಣಗೆ ಮಳೆ ಬಿದ್ದಂತೆ ಸದ್ದು. ಸಾವಿರಾರು ಹುಳುಗಳು ಒಟ್ಟಿಗೆ ಸೊಪ್ಪು ಮೇಯುತ್ತಿವೆ! ಮನೆಯಾಕೆ ನಗುತ್ತಾ, "ಇವುಕ್ಕೆ ಹೊತ್ ಹೊತ್ತಿಗೆ ಸೊಪ್ಪು ಆಗ್ಬೇಕು, ಒಂದು ಗಳಿಗೆ ತಡ ಆಗಂಗಿಲ್ಲ," ಎನ್ನುತ್ತಾರೆ. ಹೊತ್ತಿನ ಬೆಲೆ ಬಲ್ಲ ಊರಿದು.

ಕಟ್ಟೆಯ ಮೇಲೆ ಚಹಾದ ಲೋಟ ಹಿಡಿದು ಕೂತರೆ ಮಾತು ತಾನಾಗಿ ಹಾಲ್ಟಿಂಗ್ ಬಸ್ಸಿನ ಕಡೆಗೆ ಹೊರಳುತ್ತದೆ. ರಾತ್ರಿ ಕೊನೆಯ ಟ್ರಿಪ್ಪಿಗೆ ಹಳ್ಳಿಗೆ ಬಂದು, ಅಲ್ಲೇ ತಂಗಿ, ಕೋಳಿ ಕೂಗುವ ಹೊತ್ತಿಗೆ ಪೇಟೆಗೆ ಹೊರಡುವ ಬಸ್ಸು. ಹಿರಿಯರೊಬ್ಬರ ಕಣ್ಣು ಹೊಳೆಯುತ್ತದೆ. "ಡ್ರೈವರ್ರಿಗೆ ಕಂಡಕ್ಟ್ರಿಗೆ ಊರೋರೇ ಊಟ ಕೊಡ್ತಿದ್ದೋ ಸ್ವಾಮಿ. ಹಬ್ಬ ಬಂದ್ರೆ ಹೋಳಿಗೆ ಅವರ್ಗೇ ಮೊದಲು. ಯಾರಾದ್ರೂ ಒಬ್ರು ಬಂದಿಲ್ಲ ಅಂದ್ರೆ ಕಂಡಕ್ಟ್ರು ಮನೆ ಮುಂದೆ ನಿಂತ್ಕಂಡು ಕೂಗೋರು, ಏಳಮ್ಮೋ ಬಸ್ಸು ಹೊಂಟೋಯ್ತದೆ ಅಂತ." ಕರ್ನಾಟಕದ ಎಷ್ಟೋ ಹಳ್ಳಿಗಳ ಮೊದಲ ಡಿಗ್ರಿಗಳು, ಮೊದಲ ನೌಕರಿಗಳು ಇಂಥ ಬಸ್ಸಿನ ಬೆಳಗಿನ ಟ್ರಿಪ್ಪಿನಿಂದ ಬಂದವು. ಆ ಬಸ್ಸು ಊರಿಗೆ ಕೊಟ್ಟ ಮಾತು ಒಂದೇ: ಈ ಹೊತ್ತಿಗೆ ಇಲ್ಲಿ ಇರುತ್ತೇನೆ. ಮೊಬೈಲಾಗಲಿ ಆ್ಯಪ್ ಆಗಲಿ ಇಲ್ಲದ ಕಾಲದಲ್ಲಿ ಜನ ಬದುಕನ್ನೇ ಅದಕ್ಕೆ ಹೊಂದಿಸಿಕೊಂಡರು.

ಪಕ್ಕದಲ್ಲೇ ಕಾಲೇಜಿನ ಚೀಲ ಹೆಗಲಿಗೇರಿಸಿದ ಹುಡುಗಿ ನಿಂತಿದ್ದಾಳೆ. ಅವಳ ಊರು ಇಲ್ಲಿಂದ ಒಳಗೆ. ಬೆಳಗ್ಗೆ ಚನ್ನಪಟ್ಟಣಕ್ಕೆ ಹೋಗುವುದು ಕಷ್ಟವಿಲ್ಲ, ಸಂಜೆ ಲ್ಯಾಬ್ ತಡವಾದ ದಿನವೇ ಫಜೀತಿ. "ಇಲ್ಲಿವರ್ಗೂ ಬಸ್ಸಲ್ಲಿ ಫ್ರೀ ಬತ್ತೀನಿ. ಇಲ್ಲಿಂದ ಮುಂದೆ ಆಟೊ ಸಿಕ್ರೆ ಪುಣ್ಯ, ಇಲ್ದಿದ್ರೆ ಅಪ್ಪಂಗೆ ಫೋನ್ ಮಾಡ್ತೀನಿ, ಬೈಕ್ ತರ್ತಾರೆ," ಎನ್ನುತ್ತಾಳೆ. ಅಪ್ಪ ಹೊಲದ ಕೆಲಸ ಬಿಟ್ಟು ಬರಬೇಕು. ಬಸ್ಸು ತನ್ನ ಕೆಲಸ ಮಾಡಿದೆ, ಆಟೊದವನೂ ತನ್ನ ಕೆಲಸ ಮಾಡುತ್ತಾನೆ. ಬಸ್ಸು ಬಂದ ಹೊತ್ತಿಗೆ ಆಟೊ ಇರಬೇಕೆಂದು ನೋಡಿಕೊಳ್ಳುವುದು ಮಾತ್ರ ಯಾರ ಕೆಲಸವೂ ಅಲ್ಲ. ಎಳೆ ತುಂಡಾಗುವುದು ಈ ಕಟ್ಟೆಯ ಮುಂದೆ. ಸಾರಿಗೆ ಸಂಸ್ಥೆಯ ಹೊಸ ಕೆಲಸ ಶುರುವಾಗಬೇಕಾದದ್ದೂ ಇಲ್ಲೇ.

ಅದಕ್ಕೆ ಬೇಕಾದ ಪಾಠಗಳು ನಮ್ಮ ನಾಡಿನಲ್ಲೇ ಇವೆ. ಬಸ್ಸು ಎಲ್ಲಿದೆ, ಎಷ್ಟು ಹೊತ್ತಿಗೆ ಬರುತ್ತದೆ ಎಂದು ನಿಲ್ದಾಣದ ಫಲಕದಲ್ಲಿ ತೋರಿಸುವ ವ್ಯವಸ್ಥೆಯನ್ನು ಕೆಎಸ್‌ಆರ್‌ಟಿಸಿ 2012ರಲ್ಲೇ ಮೈಸೂರಿನಲ್ಲಿ ತಂದಿತು. ಅದೇ ಮೈಸೂರಿನಲ್ಲಿ 2017ರಲ್ಲಿ 450 ಸೈಕಲ್ಲುಗಳ ಟ್ರಿಣ್ ಟ್ರಿಣ್ ಶುರುವಾಗಿ, ಹಂಚಿಕೊಂಡು ಓಡಾಡುವುದನ್ನು ಊರಿಗೆ ರೂಢಿ ಮಾಡಿಸಿತು. ಬೆಂಗಳೂರಿನ ಆಟೊದವರು 2022ರಲ್ಲಿ ಶುರುವಾದ ನಮ್ಮ ಯಾತ್ರಿ ಆ್ಯಪಿನಲ್ಲಿ ಪ್ರತಿ ಬಾಡಿಗೆಗೂ ಕಮಿಷನ್ ತೆರದೆ ದುಡಿಯುವ ದಾರಿ ಕಂಡುಕೊಂಡರು. ಇನ್ನೊಬ್ಬರ ಗಾಡಿಗೆ ಕಿಲೋಮೀಟರಿಗಿಷ್ಟು ಎಂದು ಕೊಟ್ಟು ಓಡಿಸುವುದು ಸಾರಿಗೆ ನಿಗಮಗಳಿಗೆ ಹೊಸದೂ ಅಲ್ಲ: ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್ಸುಗಳ ಮಾಲೀಕರು ಖಾಸಗಿ ಕಂಪನಿಗಳು, ಮಾರ್ಗ ಮತ್ತು ಟಿಕೆಟ್ ಮಾತ್ರ ಸಂಸ್ಥೆಯವು. ದೊಡ್ಡ ಕಂಪನಿಯ ಜೊತೆ ಮಾಡಿಕೊಳ್ಳುವ ಆ ಒಪ್ಪಂದವನ್ನು ಅಕ್ಕೂರಿನ ಮ್ಯಾಕ್ಸಿಕ್ಯಾಬಿನ ಜೊತೆ ಸಣ್ಣ ಪ್ರಮಾಣದಲ್ಲಿ ಯಾಕೆ ಮಾಡಿಕೊಳ್ಳಬಾರದು? ದೊಡ್ಡ ರಸ್ತೆ ಬಸ್ಸಿಗಿರಲಿ, ಒಳರಸ್ತೆಗಳಿಗೆ ಈ ಗಾಡಿಗಳಿಗೇ ಪರವಾನಗಿ ಸಿಗಲಿ. ಇಂತಿಷ್ಟೇ ಜನ, ಇಷ್ಟೇ ದರ, ಬಸ್ಸು ಬಂದ ಮೇಲೆಯೇ ಹೊರಡಬೇಕು ಎಂಬ ಕಟ್ಟುಪಾಡೂ ಇರಲಿ. ಆಗ ಕಾನೂನಿನ ಕತ್ತಲಲ್ಲಿ ಓಡುವ ಹುಡುಗನಿಗೆ ಮರ್ಯಾದೆಯ ದುಡಿಮೆ ಸಿಗುತ್ತದೆ, ಬಸ್ಸಿಗೆ ಒಳಗಿನ ಹಳ್ಳಿಗಳಿಂದ ಜನ ಸಿಗುತ್ತಾರೆ, ಹುಡುಗಿಯ ಶೂನ್ಯ ಟಿಕೆಟ್ಟು ಅವಳ ಮನೆ ಮುಟ್ಟುವವರೆಗೂ ನಡೆಯುತ್ತದೆ.

ರಾಜಧಾನಿಯ ಸಾರಿಗೆಗಳನ್ನೆಲ್ಲ ಒಂದೇ ಸೂರಿನಡಿ ತರಲು ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರದ ಕಾಯ್ದೆ ಬಂದಿದೆ. ಒಳ್ಳೆಯದು. ರಾಮನಗರ ಜಿಲ್ಲೆಗೂ 2025ರಿಂದ ಬೆಂಗಳೂರು ದಕ್ಷಿಣ ಎಂಬ ಹೆಸರು ಬಂದಿದೆ. ಹೆಸರಿನ ಹಿಂದೆಯೇ ಹೊಂದಾಣಿಕೆಯೂ ಬರಬೇಕು. ಮೆಮು ಚನ್ನಪಟ್ಟಣಕ್ಕೆ ಬರುವ ಹೊತ್ತು ಅಕ್ಕೂರಿನ ಬಸ್ಸಿಗೆ ಗೊತ್ತಿರಬೇಕು. ಬಸ್ಸು ಕಟ್ಟೆಯ ಮುಂದೆ ನಿಲ್ಲುವ ಹೊತ್ತು ಆಟೊದವನಿಗೆ ಗೊತ್ತಿರಬೇಕು. ಬಸ್ಸು ಕೆಟ್ಟು ನಿಂತ ದಿನ ಇಂಥ ಗಾಡಿ ಬರುತ್ತದೆ ಎಂದು ಹೇಳುವ ಹೊಣೆ ಸಂಸ್ಥೆಯದಾಗಬೇಕು. ಗಾಡಿ ಯಾರದ್ದೇ ಇರಲಿ, ಜನರಿಗೆ ಕೊಟ್ಟ ಮಾತು ಸಂಸ್ಥೆಯದು.

ಸಾರಿಗೆಯ ಅಧಿಕಾರಿಗಳಲ್ಲಿ, ಯೋಜನೆ ಬರೆಯುವವರಲ್ಲಿ ನನ್ನದೊಂದು ಬೇಡಿಕೆ. ಇಲಾಖೆಯ ಜೀಪು ಬಿಟ್ಟು, ಮೆಜೆಸ್ಟಿಕ್‌ನಿಂದ ಈ ಕಟ್ಟೆಯವರೆಗೆ ಜನ ಬರುವ ಹಾಗೆಯೇ ಬನ್ನಿ. ನೂಲಿನ ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ, ಸರ್ವಿಸ್ ಆಟೊದ ಮುಂದಿನ ಸೀಟಿನಲ್ಲಿ ಕೂತು ಆ ಹುಡುಗನ ಫೋನಿಗೆ ಬರುವ ಕರೆಗಳನ್ನು ಕೇಳಿ. ಆಮೇಲೆ ಈ ಅರಳಿಮರದ ಕೆಳಗೆ ಒಂದು ಹಲಗೆ ನೆಡಿಸಿ. ಅದರಲ್ಲಿ ರೈಲಿನ ವೇಳೆ, ಬಸ್ಸಿನ ವೇಳೆ, ಒಳ ಹಳ್ಳಿಗಳಿಗೆ ಹೋಗುವ ಆಟೊಗಳ ವೇಳೆ ಮತ್ತು ನಂಬರು, ನಾಲ್ಕೂ ಒಟ್ಟಿಗೆ ಇರಲಿ, ದಪ್ಪ ಕನ್ನಡ ಅಕ್ಷರದಲ್ಲಿ. ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಆ ಹಲಗೆಯಲ್ಲಿ ಬರೆದದ್ದು ದಿನವೂ ನಿಜವಾಗುವಂತೆ ನೋಡಿಕೊಂಡರೆ, ಬಸ್ಸು ಸಂಸ್ಥೆ ಹೊಸ ಕಾಲಕ್ಕೆ ಒಗ್ಗಿಕೊಂಡಿತು ಎಂದೇ ಅರ್ಥ. ಇಂಥ ಮೊದಲ ಹಲಗೆ ಅಕ್ಕೂರಿಗೇ ಬರಲಿ.